ಟ್ಯೂಬ್ ಹಚ್ಚುವ ಮೊದಲು ಗುರುತಿಸಿ: ಮಕ್ಕಳ ಬೆವರುಸಾಲೆ, ಹುಣ್ಣು, ಕಜ್ಜಿ, ಗಜಕರ್ಣಕ್ಕೆ ಮನೆ ಆರೈಕೆ

ತಾಯಂದಿರು ಸೆರಗಿನ ತುದಿ ಬಿಚ್ಚಿ, ಅರ್ಧ ಮುದುಡಿದ ಒಂದು ಮುಲಾಮಿನ ಟ್ಯೂಬ್ ತೆಗೆದು ನನ್ನ ಮೇಜಿನ ಮೇಲೆ ಇಡುತ್ತಾರೆ. "ಸಿಸ್ಟರ್, ಇದನ್ನ ಹಚ್ಚೀವಿ. ಹಚ್ಚಿದಾಗ ಕಮ್ಮಿ ಆಗ್ತದ, ಬಿಟ್ರ ಮತ್ತ ಬರ್ತದ." ಸಿಂಧನೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ನಾನು ಈ ಮಾತನ್ನು ವಾರಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕ ಇಲ್ಲ. ಕೂಸಿಗೆ ಬೆವರುಸಾಲೆ ಆದರೂ ಅದೇ ಟ್ಯೂಬ್, ಕಜ್ಜಿ ಆದರೂ ಅದೇ, ಗಜಕರ್ಣಕ್ಕೂ ಅದೇ. ಮೆಡಿಕಲ್ ಶಾಪಿನಲ್ಲಿ "ಮಕ್ಕಳಿಗೆ ಗುಳ್ಳೆ ಎದ್ದಾವ" ಅಂದರೆ ಸಾಕು, ಅದೇ ಕೈಗೆ ಬರುತ್ತದೆ.

ಮಕ್ಕಳ ಚರ್ಮದ ತೊಂದರೆಗಳಲ್ಲಿ ಹೆಚ್ಚಿನವು ಮನೆಯಲ್ಲೇ ವಾಸಿಯಾಗುತ್ತವೆ, ಅಥವಾ ಒಂದು ಸಲ ಡಾಕ್ಟರಿಗೆ ತೋರಿಸಿ ಮನೆಯಲ್ಲಿ ಆರೈಕೆ ಮಾಡಿದರೆ ಸಾಕು. ಆದರೆ ಒಂದಕ್ಕೆ ಒಳ್ಳೆಯದಾದ ಮದ್ದು ಇನ್ನೊಂದನ್ನು ಕೆಡಿಸುತ್ತದೆ. ಬೆವರುಸಾಲೆಗೆ ಎಣ್ಣೆ ಹಚ್ಚಿದರೆ ಜಾಸ್ತಿ ಆಗುತ್ತದೆ. ಒಣಗಿದ ಚರ್ಮಕ್ಕೆ ಎಣ್ಣೆ ಹಚ್ಚದಿದ್ದರೆ ಜಾಸ್ತಿ ಆಗುತ್ತದೆ. ಹಾಗಾಗಿ ಇಲ್ಲಿ ಮೊದಲು ಗುರುತಿಸುವುದು, ಆಮೇಲೆ ಮದ್ದು.

ಮೊದಲ ಕೆಲಸ: ಬೆಳಕಿನಲ್ಲಿ ನೋಡಿ

ಬಾಗಿಲ ಹತ್ತಿರ, ಹಗಲ ಬೆಳಕಿನಲ್ಲಿ ಕೂಸಿನ ಅಂಗಿ ಪೂರ್ತಿ ತೆಗೆದು ನೋಡಿ. ತೋರಿಸಿದ ಜಾಗ ಮಾತ್ರ ನೋಡಬೇಡಿ. ಬೆರಳ ಸಂದು, ಕಂಕುಳು, ತೊಡೆಯ ಸಂದು, ಅಂಗಾಲು, ತಲೆಗೂದಲ ಒಳಗೆ ಎಲ್ಲ ನೋಡಿ. ಎಷ್ಟೋ ಸಲ ಉತ್ತರ ಇರುವುದು ಅಲ್ಲೇ.

ಪುಸ್ತಕಗಳಲ್ಲಿ "ಚರ್ಮ ಕೆಂಪಾಗುತ್ತದೆ" ಅಂತ ಬರೆದಿರುತ್ತಾರೆ. ನಮ್ಮ ಮಕ್ಕಳ ಎಣ್ಣೆಗೆಂಪು, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಹಾಗೆ ಕಾಣುವುದಿಲ್ಲ. ಕಂದು ಬಣ್ಣಕ್ಕೋ ನೇರಳೆ ಬಣ್ಣಕ್ಕೋ ತಿರುಗಿದಂತೆ ಇರುತ್ತದೆ. ಆದ್ದರಿಂದ ಕೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬಲಗಾಲು ಎಡಗಾಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ಕೂಸು ಅಳುತ್ತದೆಯಾ? ಇದು ಬಣ್ಣಕ್ಕಿಂತ ನಂಬಿಕಸ್ತ ಗುರುತು.

ಆಮೇಲೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಜ್ವರ ಇದೆಯಾ? ತುರಿಕೆ ಹಗಲು ಜಾಸ್ತಿಯೋ ರಾತ್ರಿಯೋ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ? ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ? ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಹುಣ್ಣಿನ ಸುತ್ತ ಊದಿದ್ದರೆ, ಊದಿದ ಅಂಚಿನ ಮೇಲೆ ಬಾಲ್ ಪೆನ್ನಿನಿಂದ ಗೆರೆ ಎಳೆಯಿರಿ. ಮರುದಿನ ಊತ ಗೆರೆ ದಾಟಿದ್ದರೆ ಮನೆಯಲ್ಲಿ ಕಾಯುವ ಹೊತ್ತು ಮುಗಿದಿದೆ ಅಂತ ಅರ್ಥ.

ಉಗುರು ಕತ್ತರಿಸುವುದು ಎಲ್ಲಕ್ಕೂ ಮದ್ದು. ಕೂಸು ಕೆರೆದುಕೊಂಡಾಗ ಉಗುರಿನಲ್ಲಿರುವ ಕೀಟಾಣು ಗಾಯಕ್ಕೆ ಹೋಗುತ್ತದೆ, ಅಲ್ಲಿಂದ ಮೈಗೆಲ್ಲ ಹೋಗುತ್ತದೆ. ವಾರಕ್ಕೊಮ್ಮೆ ಸ್ನಾನದ ನಂತರ, ಉಗುರು ಮೆತ್ತಗಿರುವಾಗ ಕತ್ತರಿಸಿ.

ಬೆವರುಸಾಲೆ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಹೊರಬರುವ ಸಣ್ಣ ರಂಧ್ರಗಳು ಮುಚ್ಚಿಕೊಂಡು, ಬೆವರು ಚರ್ಮದ ಒಳಗೇ ಸಿಕ್ಕಿಕೊಂಡಾಗ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಏಳುತ್ತವೆ. ಕುತ್ತಿಗೆ, ಬೆನ್ನು, ಎದೆ, ಹಣೆಯಲ್ಲಿ ಜಾಸ್ತಿ. ಚುಚ್ಚಿದ ಹಾಗೆ ತುರಿಕೆ. ಜ್ವರ ಇರುವುದಿಲ್ಲ.

ಮದ್ದು ತಂಪು, ಅಷ್ಟೇ. ದಿನಕ್ಕೆ ಎರಡು ಸಲ ತಣ್ಣೀರಿನಲ್ಲಿ, ಕೈಗೆ ಹಿತ ಅನಿಸುವಷ್ಟು ತಂಪಿರುವ ನೀರಿನಲ್ಲಿ ಮೈ ತೊಳೆಯಿರಿ. ಸೋಪು ಒಂದೇ ಸಲ ಸಾಕು. ಒರಸುವಾಗ ಉಜ್ಜಬೇಡಿ, ಬಟ್ಟೆ ಒತ್ತಿ ನೀರು ಹೀರಿಸಿ. ಸಡಿಲವಾದ ಹತ್ತಿ ಅಂಗಿ ಹಾಕಿ. ಮನೆಯಲ್ಲಿದ್ದಾಗ ಬರೀ ಮೈಯಲ್ಲಿ ಫ್ಯಾನಿನ ಗಾಳಿಗೆ ಆಡಲು ಬಿಡಿ. ಕರೆಂಟ್ ಹೋದರೆ ಒದ್ದೆ ಬಟ್ಟೆಯನ್ನು ಕುತ್ತಿಗೆ, ಬೆನ್ನ ಮೇಲೆ ಆಗಾಗ ಇಡಿ. ತುರಿಕೆ ಜಾಸ್ತಿ ಇದ್ದರೆ ಕ್ಯಾಲಮೈನ್ ಲೋಶನ್ ತೆಳ್ಳಗೆ ಹಚ್ಚಬಹುದು. ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಕೊಬ್ಬರಿ ಎಣ್ಣೆ, ದಪ್ಪ ಮುಲಾಮು ಬೇಡ. ಅವು ಬೆವರಿನ ರಂಧ್ರವನ್ನು ಇನ್ನಷ್ಟು ಮುಚ್ಚುತ್ತವೆ. ಪೌಡರ್ ಕೂಡ ಬೇಡ ಅಂತಲೇ ಹೇಳುತ್ತೇನೆ. ಬೆವರಿನ ಜೊತೆ ಸೇರಿ ಸಂದಿನಲ್ಲಿ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಸಿಂಪಡಿಸುವಾಗ ಅದರ ದೂಳು ಕೂಸಿನ ಉಸಿರಿನಲ್ಲಿ ಹೋಗುತ್ತದೆ, ಪುಪ್ಪುಸಕ್ಕೆ ಒಳ್ಳೆಯದಲ್ಲ.

ಇಲ್ಲಿ ಬಾಣಂತನದ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಎಷ್ಟು ಬಿಸಿಲಿದ್ದರೂ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೂಸಿಗೆ ಕುಂಚಿಗೆ ಕಟ್ಟಿ, ಕೌದಿ ಹೊದಿಸಿ, ಕೆಂಡ ಇಟ್ಟು ಲೋಬಾನದ ಹೊಗೆ ಹಾಕುತ್ತೇವೆ. ಅಜ್ಜಿಯರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಡಿಸೆಂಬರಿನ ಚಳಿಗೆ ಬೆಚ್ಚಗಿಡುವುದು ಸರಿ. ಮೇ ತಿಂಗಳಲ್ಲಿ ಹಾಗೆ ಮಾಡಿದರೆ ಹತ್ತು ದಿನದ ಕೂಸಿನ ಮೈ ಪೂರ್ತಿ ಬೆವರುಸಾಲೆ ಏಳುತ್ತದೆ, ಮೈ ಕಾದು ಜ್ವರವೂ ಬರುತ್ತದೆ. ನಾನು ಅಜ್ಜಿಯರಿಗೆ ಹೇಳುವುದು ಇಷ್ಟು: "ಅಮ್ಮಾ, ನೀವು ಎಷ್ಟು ಬಟ್ಟೆ ಹಾಕ್ಕೊಂಡೀರಿ? ಕೂಸಿಗೆ ಅದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಬಿಸಿಲುಗಾಲದಾಗ ಅದೂ ಬ್ಯಾಡ." ಕೇಳುತ್ತಾರೆ. ಬೈದರೆ ಯಾರೂ ಕೇಳುವುದಿಲ್ಲ.

ಗುಳ್ಳೆಯ ತುದಿಯಲ್ಲಿ ಕೀವು ಕಂಡರೆ ಅದು ಬರೀ ಬೆವರುಸಾಲೆ ಅಲ್ಲ. ಮುಂದಿನ ಭಾಗ ಓದಿ.

ಕೀವಿನ ಹುಣ್ಣು, ಜೇನು ಬಣ್ಣದ ಹಕ್ಕಳೆ

ಸೊಳ್ಳೆ ಕಚ್ಚಿದ ಜಾಗವನ್ನೋ ಬೆವರುಸಾಲೆಯನ್ನೋ ಕೆರೆದು, ಅದು ಒಡೆದು, ಮೇಲೆ ಜೇನಿನ ಅಥವಾ ಬೆಲ್ಲದ ಪಾಕದ ಬಣ್ಣದ ಹಕ್ಕಳೆ ಕಟ್ಟುತ್ತದೆ. ಮೂಗಿನ ಕೆಳಗೆ, ಬಾಯಿಯ ಸುತ್ತ, ಮೊಣಕಾಲಿನ ಕೆಳಗೆ ಜಾಸ್ತಿ. ಡಾಕ್ಟರು ಇದಕ್ಕೆ ಇಂಪೆಟಿಗೋ ಅನ್ನುತ್ತಾರೆ. ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಒಂದೇ ಟವೆಲ್ ಬಳಸಿದರೆ ಅಣ್ಣನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಯ ಕೂಸಿಗೆ ಹರಡುತ್ತದೆ.

ಹಕ್ಕಳೆಯ ಮೇಲೆ ಎಷ್ಟು ಮುಲಾಮು ಹಚ್ಚಿದರೂ ಒಳಗೆ ಇಳಿಯುವುದಿಲ್ಲ. ಹಾಗಾಗಿ ಮೊದಲು ಅದನ್ನು ಬಿಡಿಸಬೇಕು. ಅರ್ಧ ಲೀಟರ್ ನೀರನ್ನು ಕುದಿಸಿ, ಒಂದು ಮಟ್ಟಸವಾದ ಟೀ ಚಮಚ ಉಪ್ಪು ಹಾಕಿ, ಉಗುರು ಬೆಚ್ಚಗೆ ಆಗುವವರೆಗೆ ಆರಿಸಿ. ನಿಮ್ಮ ಕೈ ಸೋಪಿನಿಂದ ತೊಳೆಯಿರಿ. ಶುಭ್ರವಾದ ಹತ್ತಿ ಬಟ್ಟೆಯನ್ನು ಆ ನೀರಲ್ಲಿ ಅದ್ದಿ ಹಿಂಡಿ ಹುಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಹಕ್ಕಳೆ ನೆನೆದು ಸಡಿಲವಾಗುತ್ತದೆ. ಬಂದಷ್ಟು ಮೆತ್ತಗೆ ಒರಸಿ ತೆಗೆಯಿರಿ. ಬರದಿದ್ದರೆ ಎಳೆಯಬೇಡಿ, ಸಂಜೆ ಮತ್ತೆ ನೆನೆಸಿ. ಒರಸಿದ ಬಟ್ಟೆಯನ್ನು ಬೇರೆ ಹುಣ್ಣಿಗೆ ಮುಟ್ಟಿಸಬೇಡಿ.

ಒಣಗಿದ ಮೇಲೆ ಡಾಕ್ಟರು ಬರೆದುಕೊಟ್ಟ ಆಂಟಿಬಯಾಟಿಕ್ ಮುಲಾಮು ಹಚ್ಚಿ. ಸಾಮಾನ್ಯವಾಗಿ ಮ್ಯುಪಿರೋಸಿನ್ ಅಥವಾ ಫ್ಯೂಸಿಡಿಕ್ ಆಸಿಡ್ ಬರೆಯುತ್ತಾರೆ. ದಿನಕ್ಕೆ ಮೂರು ಸಲ, ತೆಳ್ಳಗೆ, ಐದು ದಿನ. ಎರಡನೇ ದಿನಕ್ಕೇ ಹುಣ್ಣು ಒಣಗಿದಂತೆ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ಐದು ದಿನ ಪೂರ್ತಿ ಹಚ್ಚಿ. ಆ ಐದು ದಿನ ಕೂಸಿನ ಟವೆಲ್, ದಿಂಬಿನ ಬಟ್ಟೆ ಬೇರೆ ಇರಲಿ. ಹುಣ್ಣು ಒಣಗುವವರೆಗೆ, ಇಲ್ಲವೇ ಔಷಧಿ ಶುರು ಮಾಡಿ ಎರಡು ದಿನ ಆಗುವವರೆಗೆ ಅಂಗನವಾಡಿಗೆ, ಶಾಲೆಗೆ ಕಳಿಸಬೇಡಿ.

ಒಂದೆರಡು ಹುಣ್ಣಿಗೆ ಇಷ್ಟು ಸಾಕು. ಹುಣ್ಣು ಐದಾರಕ್ಕಿಂತ ಜಾಸ್ತಿ ಇದ್ದರೆ, ನೀರು ತುಂಬಿದ ದೊಡ್ಡ ಬೊಬ್ಬೆ ಇದ್ದರೆ, ಜ್ವರ ಇದ್ದರೆ ಮುಲಾಮು ಸಾಲದು, ಬಾಯಿಯಿಂದ ಕೊಡುವ ಔಷಧಿ ಬೇಕು.

ಇನ್ನೊಂದು ಮಾತು. ಇದು ಬಹಳ ಮನೆಗಳಲ್ಲಿ ಗೊತ್ತೇ ಇಲ್ಲ. ಈ ಹುಣ್ಣು ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ರೆಪ್ಟೋಕಾಕಸ್ ಅನ್ನುವ ಒಂದು ಜಾತಿ ಇದೆ. ಚರ್ಮದ ಹುಣ್ಣು ಮಾಯ್ದು ಕೆಲವು ವಾರಗಳಾದ ಮೇಲೆ ಕೆಲವು ಮಕ್ಕಳಲ್ಲಿ ಅದರಿಂದ ಕಿಡ್ನಿ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ, ಮುಖ ಊದಿರುತ್ತದೆ. ಮೂತ್ರ ಕಡಿಮೆ ಆಗಿ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹೀಗೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, "ಹೋದ ತಿಂಗಳು ಮೈಮೇಲೆ ಹುಣ್ಣಾಗಿತ್ತು" ಅಂತ ಡಾಕ್ಟರಿಗೆ ನೀವೇ ಹೇಳಿ.

ಕುರು

ಮಾವಿನ ಹಣ್ಣು ತಿಂದರೆ ಕುರು ಏಳುತ್ತದೆ ಅಂತ ಮಕ್ಕಳ ಬಾಯಿಂದ ಹಣ್ಣು ಕಿತ್ತುಕೊಳ್ಳಬೇಡಿ. ಮಾವಿನ ಕಾಲ, ಸೆಕೆಯ ಕಾಲ ಎರಡೂ ಒಂದೇ ಸಲ ಬರುತ್ತವೆ. ಬೆವರಿ ತುರಿಸಿಕೊಂಡ ಚರ್ಮದಲ್ಲಿ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ಇಳಿದು ಕುರು ಆಗುತ್ತದೆ.

ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊದಲು ನಿಮ್ಮ ಮುಂಗೈಗೆ ಇಟ್ಟು ನೋಡಿ, ಸುಡದಿದ್ದರೆ ಕುರುವಿನ ಮೇಲೆ ಇಡಿ. ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ತಾನೇ ಹಣ್ಣಾಗಿ ಒಡೆಯುತ್ತದೆ. ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಮೂಗು, ತುಟಿಯ ಸುತ್ತ ಎದ್ದ ಕುರುವನ್ನು ಹಿಸುಕುವುದು ಬಹಳ ಅಪಾಯ, ಸೋಂಕು ಒಳಗೆ ತಲೆಯ ಕಡೆಗೆ ಹೋಗಬಹುದು. ಕುರು ನಿಂಬೆಕಾಯಿಯಷ್ಟು ದೊಡ್ಡದಾದರೆ, ಜ್ವರ ಬಂದರೆ ಡಾಕ್ಟರೇ ಕೊಯ್ದು ಕೀವು ತೆಗೆಯಬೇಕು.

ಕಜ್ಜಿ: ಇಡೀ ಮನೆಗೆ ಒಂದೇ ದಿನ ಮದ್ದು

ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ಕಜ್ಜಿಗೆ ಒಳ್ಳೆಯ ಔಷಧಿ ಇದೆ, ಆದರೂ ಹೋಗುವುದಿಲ್ಲ. ಯಾಕೆಂದರೆ ನಾವು ಕೂಸೊಂದಕ್ಕೇ ಹಚ್ಚುತ್ತೇವೆ.

ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಉಡಿದಾರದ ಜಾಗ, ಗಂಡುಮಕ್ಕಳ ಮೂತ್ರದ ಜಾಗದಲ್ಲಿ ಸಣ್ಣ ಗುಳ್ಳೆಗಳು. ಎಳೆಕೂಸುಗಳಲ್ಲಿ ಅಂಗೈ, ಅಂಗಾಲು, ತಲೆಯಲ್ಲೂ ಏಳುತ್ತವೆ. ರಾತ್ರಿ ಹಾಸಿಗೆಗೆ ಹೋದ ಮೇಲೆ ತುರಿಕೆ ಜಾಸ್ತಿ. ಮನೆಯಲ್ಲಿ ಇಬ್ಬರು ಮೂವರಿಗೆ ತುರಿಕೆ ಇದ್ದು ಅದು ರಾತ್ರಿ ಜಾಸ್ತಿ ಆದರೆ ಮೊದಲು ಕಜ್ಜಿ ಅಂತಲೇ ಅನುಮಾನಪಡಬೇಕು.

ಹುಳು ಮೊದಲ ಸಲ ಮೈಗೆ ಹತ್ತಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಂದರೆ ಇವತ್ತು ತುರಿಕೆ ಇಲ್ಲದ ಅಪ್ಪನ ಮೈಯಲ್ಲೂ ಹುಳು ಇರಬಹುದು. ಗುಳೆ ಹೋಗಿ ಬೆಂಗಳೂರಿನ ಶೆಡ್ಡಿನಲ್ಲಿ ಒಂದೇ ಕೌದಿಯಲ್ಲಿ ಐದು ಜನ ಮಲಗಿ, ಯುಗಾದಿಗೋ ಮೊಹರಂಗೋ ಊರಿಗೆ ಬರುವ ಮನೆಗಳಲ್ಲಿ, ಹಾಸ್ಟೆಲಿನಿಂದ ರಜೆಗೆ ಬರುವ ಮಕ್ಕಳಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ದಿನಾ ಸ್ನಾನ ಮಾಡುವವರಿಗೂ ಬರುತ್ತದೆ. ಜಾಗ ಇಕ್ಕಟ್ಟು ಇರುವ ಕಡೆ ಹರಡುತ್ತದೆ, ಅಷ್ಟೇ.

ಪರ್ಮೆಥ್ರಿನ್ 5% ಕ್ರೀಮ್ ಇದಕ್ಕೆ ಔಷಧಿ. ಎರಡು ತಿಂಗಳು ತುಂಬದ ಕೂಸಿದ್ದರೆ, ಮನೆಯಲ್ಲಿ ಬಸುರಿ ಇದ್ದರೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ದೊಡ್ಡವರೊಬ್ಬರಿಗೆ ಸುಮಾರು 30 ಗ್ರಾಂ ಬೇಕಾಗುತ್ತದೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಮನೆಯವರನ್ನು ಎಣಿಸಿ ಒಟ್ಟಿಗೆ ತನ್ನಿ. ಒಂದು ಟ್ಯೂಬ್ ತಂದು ಐದು ಜನಕ್ಕೆ ಹಂಚಿದರೆ ಯಾರಿಗೂ ವಾಸಿ ಆಗುವುದಿಲ್ಲ. ಆಮೇಲೆ ಹೀಗೆ ಮಾಡಿ:

1. ಎಲ್ಲರೂ ಮನೆಯಲ್ಲಿರುವ ಒಂದು ರಾತ್ರಿ ಆರಿಸಿಕೊಳ್ಳಿ. ತುರಿಕೆ ಇದ್ದವರು, ಇಲ್ಲದವರು, ಎಲ್ಲರೂ ಅದೇ ರಾತ್ರಿ ಹಚ್ಚಿಕೊಳ್ಳಬೇಕು.

2. ಸಂಜೆ ಸ್ನಾನ ಮಾಡಿ ಮೈ ಪೂರ್ತಿ ಒಣಗಲಿ. ಬಿಸಿ ಮೈಗೆ ಹಚ್ಚಬೇಡಿ.

3. ದೊಡ್ಡವರಿಗೆ, ದೊಡ್ಡ ಮಕ್ಕಳಿಗೆ ಕುತ್ತಿಗೆಯಿಂದ ಅಂಗಾಲಿನವರೆಗೆ. ಗುಳ್ಳೆ ಇದ್ದಲ್ಲಿ ಮಾತ್ರ ಅಲ್ಲ, ಒಂದು ಬೆರಳಷ್ಟು ಜಾಗವೂ ಬಿಡದಂತೆ. ಬೆರಳ ಸಂದು, ಉಗುರಿನ ಅಡಿ, ಹೊಕ್ಕುಳು, ಕುಂಡಿಯ ಸಂದು, ಮೂತ್ರದ ಜಾಗ, ಅಂಗಾಲು. ಎರಡು ವರ್ಷದ ಒಳಗಿನ ಕೂಸಿಗೆ ತಲೆ, ಕಿವಿಯ ಹಿಂದೆ, ಮುಖಕ್ಕೂ. ಕಣ್ಣು, ಬಾಯಿಯ ಹತ್ತಿರ ಬೇಡ.

4. ಕೂಸಿನ ಕೈ ಬಾಯಿಗೆ ಹೋಗುವುದಾದರೆ ಹತ್ತಿಯ ಕೈಚೀಲ ಹಾಕಿ. ತಾಯಿ ಹಾಲುಣಿಸುವ ಮೊದಲು ಮೊಲೆತೊಟ್ಟು ತೊಳೆದು, ಉಣಿಸಿದ ಮೇಲೆ ಮತ್ತೆ ಹಚ್ಚಿಕೊಳ್ಳಲಿ.

5. 8ರಿಂದ 12 ಗಂಟೆ ಮೈಮೇಲೆ ಇರಲಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಪಾತ್ರೆ ತೊಳೆದ ಅವ್ವಂದಿರ ಕೈಯಲ್ಲೇ ಹುಳು ಉಳಿದುಬಿಡುತ್ತದೆ.

6. ಬೆಳಿಗ್ಗೆ ಸ್ನಾನ, ಒಗೆದ ಬಟ್ಟೆ. ಕಳೆದ ಮೂರು ದಿನ ಹಾಕಿದ ಬಟ್ಟೆ, ಟವೆಲ್, ಹಾಸಿಗೆಯ ಮೇಲಿನ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕಿ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ.

7. ಕೌದಿ ಒಗೆಯುವುದು ಕಷ್ಟ, ನನಗೆ ಗೊತ್ತು. ನೆನೆದ ಕೌದಿಯನ್ನು ಇಬ್ಬರು ಹಿಡಿದರೂ ಎತ್ತಲಾಗುವುದಿಲ್ಲ. ಒಗೆಯಬೇಕಿಲ್ಲ. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಒಂದು ವಾರ ಮೂಲೆಗೆ ಇಡಿ. ಮನುಷ್ಯನ ಮೈ ಸಿಗದಿದ್ದರೆ ಹುಳು ಎರಡು ಮೂರು ದಿನದಲ್ಲಿ ಸಾಯುತ್ತದೆ.

8. ಸರಿಯಾಗಿ ಒಂದು ವಾರಕ್ಕೆ, ಅದೇ ವಾರದ ದಿನ, ಮತ್ತೆ ಎಲ್ಲರೂ ಹಚ್ಚಿಕೊಳ್ಳಿ. ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಹುಳು ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಇರುತ್ತದೆ. ಔಷಧಿ ಹತ್ತಲಿಲ್ಲ ಅಂತ ತಿಳಿದು ದಿನಾ ಪರ್ಮೆಥ್ರಿನ್ ಹಚ್ಚಿದರೆ ಚರ್ಮ ಉರಿದು ಇನ್ನಷ್ಟು ತುರಿಸುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಕಾಯಿರಿ. ಹೊಸ ಗುಳ್ಳೆ ಏಳುತ್ತಿದ್ದರೆ, ನಾಲ್ಕು ವಾರ ದಾಟಿದರೆ ಮತ್ತೆ ತೋರಿಸಿ.

ಗಜಕರ್ಣ, ಮತ್ತು ಆ ಟ್ಯೂಬ್

ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಹೊಟ್ಟೆಯ ಮೇಲೆ ಎಂಟಾಣೆ ನಾಣ್ಯದಷ್ಟು ಒಂದು ಉಂಗುರ ಎದ್ದಿತು. ಅಂಚು ಉಬ್ಬಿ, ಹೊಟ್ಟು ಹೊಟ್ಟಾಗಿ, ನಡುವೆ ತಿಳಿಯಾಗಿತ್ತು. ಗಜಕರ್ಣದ ಗುರುತು ಅದೇ. ನನಗೆ ರಾತ್ರಿ ಡ್ಯೂಟಿ. ಮನೆಯವರು ಅಂಗಡಿಯಿಂದ ಟ್ಯೂಬ್ ತಂದು ಹಚ್ಚಿದರು. ಮೂರು ದಿನಕ್ಕೆ ತುರಿಕೆ ನಿಂತಿತು, ಉಂಗುರ ಮಸುಕಾಯಿತು. ನಮಗೆಲ್ಲ ಸಮಾಧಾನ. ಬಿಟ್ಟ ವಾರಕ್ಕೆ ಮತ್ತೆ ಎದ್ದಿತು, ಮತ್ತೆ ಹಚ್ಚಿದೆವು. ಎರಡು ತಿಂಗಳಲ್ಲಿ ಅದು ಹೊಟ್ಟೆಯಿಂದ ತೊಡೆಗೆ ಇಳಿದಿತ್ತು. ತೊಡೆಯ ಸಂದಿನ ಚರ್ಮ ತೆಳ್ಳಗಾಗಿ ಗೆರೆಗಳು ಮೂಡಿದ್ದವು. ಗಜಕರ್ಣ ವಾಸಿ ಆಯಿತು, ಆ ಗೆರೆಗಳು ಇವತ್ತಿಗೂ ಇವೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ನಾನು ಓದಿರಲಿಲ್ಲ. ಆ ನೋವು ನನಗೆ ಹೋಗಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಂಥ ಟ್ಯೂಬಿನಲ್ಲಿ ಮೂರು ನಾಲ್ಕು ಔಷಧಿ ಒಟ್ಟಿಗೆ ಇರುತ್ತವೆ: ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಸ್ಟೀರಾಯ್ಡ್. ಸ್ಟೀರಾಯ್ಡ್ ಬೇಗ ತುರಿಕೆ ನಿಲ್ಲಿಸುತ್ತದೆ, ಆದ್ದರಿಂದ ಮದ್ದು ಹತ್ತಿತು ಅನಿಸುತ್ತದೆ. ಆದರೆ ಅದು ಚರ್ಮದ ಕಾವಲನ್ನೂ ಮಲಗಿಸುತ್ತದೆ. ಗಜಕರ್ಣದ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಕೇಳಿದರೆ ಸಿಗುತ್ತವೆ.

ಟ್ಯೂಬ್ ಕೈಗೆ ಬಂದ ಕೂಡಲೇ ಹಿಂದೆ ತಿರುಗಿಸಿ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಇದ್ದರೆ ಅದು ಸ್ಟೀರಾಯ್ಡ್. ಹೆಸರಿನ ಕೊನೆಗೆ "ಸೋನ್" ಬಂದರೆ ಎಚ್ಚರ ಅಂತ ನೆನಪಿಟ್ಟುಕೊಳ್ಳಿ, ಕ್ಲೋಬೆಟಾಸಾಲ್ ಅನ್ನು ಬೇರೆಯಾಗಿ ನೆನಪಿಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ, ಇಲ್ಲವೇ ಆಶಾ ಕಾರ್ಯಕರ್ತೆಗೆ ತೋರಿಸಿ. ಸ್ಟೀರಾಯ್ಡ್ ವಿಷ ಅಂತ ನಾನು ಹೇಳುತ್ತಿಲ್ಲ. ಇಸಬಿಗೆ ಡಾಕ್ಟರೇ ಬರೆದುಕೊಡುತ್ತಾರೆ, ಅಲ್ಲಿ ಅದು ಬೇಕು. ಗಜಕರ್ಣಕ್ಕೆ, ಕಜ್ಜಿಗೆ, ಕೂಸಿನ ಮುಖಕ್ಕೆ, ಡೈಪರ್ ಕಟ್ಟುವ ಜಾಗಕ್ಕೆ ಡಾಕ್ಟರು ಹೇಳದೆ ಹಚ್ಚಬಾರದು.

ಗಜಕರ್ಣಕ್ಕೆ ಬರೀ ಕ್ಲೋಟ್ರಿಮಜೋಲ್ 1% ಇರುವ ಕ್ರೀಮ್ ಸಾಕು. ಜಾಗ ತೊಳೆದು ಒಣಗಿಸಿ ದಿನಕ್ಕೆ ಎರಡು ಸಲ ಹಚ್ಚಿ. ಉಂಗುರದ ಮೇಲೆ ಮಾತ್ರ ಅಲ್ಲ, ಅದರ ಹೊರಗೆ ಎರಡು ಬೆರಳಷ್ಟು ಜಾಗಕ್ಕೂ ಹಚ್ಚಿ. ಕಾಣದಂತೆ ಹೋದ ಮೇಲೂ ಇನ್ನೂ ಎರಡು ವಾರ ಬಿಡಬೇಡಿ. ಒಟ್ಟು ನಾಲ್ಕು ವಾರ ಆದರೂ ಆಗುತ್ತದೆ. ಒಳಚಡ್ಡಿ ದಿನಾ ಬದಲಿಸಿ, ಒದ್ದೆ ಬಟ್ಟೆಯಲ್ಲಿ ಇರಲು ಬಿಡಬೇಡಿ. ಕಾಲುವೆಯಲ್ಲಿ ಈಜಿ ಬಂದ ಹುಡುಗರು ಅದೇ ಒದ್ದೆ ಚಡ್ಡಿಯಲ್ಲಿ ಸಂಜೆವರೆಗೆ ಆಡುತ್ತಾರೆ ಅಲ್ವಾ, ಅಲ್ಲೇ ಶುರುವಾಗುವುದು.

ತಲೆಯಲ್ಲಿ ಗಜಕರ್ಣ ಆಗಿ ಕೂದಲು ಉದುರಿದ ತೇಪೆ ಕಂಡರೆ ಕ್ರೀಮು ಕೆಲಸ ಮಾಡುವುದಿಲ್ಲ. ಶಿಲೀಂಧ್ರ ಕೂದಲ ಬುಡದಲ್ಲಿ ಇರುತ್ತದೆ. ವಾರಗಟ್ಟಲೆ ಮಾತ್ರೆ ಬೇಕು, ಡಾಕ್ಟರಿಗೆ ತೋರಿಸಿ.

ಮುಖದ ಮೇಲಿನ ಬಿಳಿ ಮಚ್ಚೆ

ಕೆನ್ನೆಯ ಮೇಲೆ ಮಸುಕಾದ ಬಿಳಿ ಮಚ್ಚೆ ಕಂಡರೆ "ಜಂತುಹುಳ ಆಗ್ಯಾವ", "ಕ್ಯಾಲ್ಸಿಯಂ ಕಮ್ಮಿ" ಅನ್ನುತ್ತಾರೆ. ಸಾಮಾನ್ಯವಾಗಿ ಎರಡೂ ಅಲ್ಲ. ಚರ್ಮ ಒಣಗಿ ಬಣ್ಣ ಮಸುಕಾಗಿರುತ್ತದೆ, ಬಿಸಿಲಿಗೆ ಜಾಸ್ತಿ ಎದ್ದು ಕಾಣುತ್ತದೆ. ಬೋರಿನ ಸವಳು ನೀರಿನಲ್ಲಿ ಸೋಪು ಹಚ್ಚಿ ಉಜ್ಜಿದರೆ ಇನ್ನೂ ಒಣಗುತ್ತದೆ. ಸೋಪು ಕಮ್ಮಿ ಮಾಡಿ, ಮುಖ ತೊಳೆದ ಕೂಡಲೇ ಹಸಿ ಇರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಿ. ಬಣ್ಣ ಮರಳಲು ತಿಂಗಳುಗಳು ಬೇಕು. ಆದರೆ ಮಚ್ಚೆಯ ಮೇಲೆ ಹತ್ತಿ ಎಳೆ ಮುಟ್ಟಿಸಿದರೆ ಮಗುವಿಗೆ ಗೊತ್ತಾಗದಿದ್ದರೆ ಆಶಾಗೆ ತಿಳಿಸಿ ಆಸ್ಪತ್ರೆಗೆ ಕರೆತನ್ನಿ. ಅದು ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಡೈಪರ್ ಕಟ್ಟುವ ಜಾಗ

ಒದ್ದೆ ಮಾಡಿದ ಕೂಡಲೇ ಬದಲಿಸಿ, ಬರೀ ನೀರಿನಲ್ಲಿ ತೊಳೆಯಿರಿ, ಗಾಳಿಗೆ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪಗೆ ಹಚ್ಚಿ. ದಿನಕ್ಕೆ ಎರಡು ಮೂರು ತಾಸು ಏನೂ ಕಟ್ಟದೆ ಬಿಡಿ. ಮೂರು ದಿನಕ್ಕೂ ಕಮ್ಮಿ ಆಗದೆ, ತೊಡೆಯ ಸಂದಿನ ಒಳಗೂ ಕೆಂಪಾಗಿ, ಅಂಚಿನಾಚೆ ಬಿಡಿಬಿಡಿ ಚುಕ್ಕೆ ಎದ್ದಿದ್ದರೆ ಅದು ಶಿಲೀಂಧ್ರ. ಕ್ಲೋಟ್ರಿಮಜೋಲ್ ಬೇಕಾಗುತ್ತದೆ.

ಮೆಣಸಿನಕಾಯಿ ಬಿಡಿಸುವ ಮನೆಗಳಿಗೆ ಒಂದು ಮಾತು. ಹೊಲದಿಂದ ಬಂದು ಬರೀ ನೀರಿನಲ್ಲಿ ಕೈ ತೊಳೆದು ಕೂಸನ್ನು ಮುಟ್ಟಿದರೆ ಕೂಸಿನ ಚರ್ಮ ಉರಿದು ಕೆಂಪಾಗುತ್ತದೆ. ಖಾರ ನೀರಿಗೆ ಹೋಗುವುದಿಲ್ಲ. ಕೈಗೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಪಾತ್ರೆ ಸೋಪಿನಿಂದ ಎರಡು ಸಲ ತೊಳೆಯಿರಿ.

ಅಮ್ಮ ಬಂದಾಗ, ಗೊಬ್ಬರ ಎದ್ದಾಗ

ಎರಡೂ ಬೇರೆ ಕಾಯಿಲೆ. ನೀರುಗುಳ್ಳೆ ಎದ್ದು, ಹಳೆಯದು ಒಣಗುವಾಗ ಹೊಸದು ಏಳುತ್ತಾ ಹೋದರೆ ಅದು ಚಿಕನ್ ಪಾಕ್ಸ್. ಜನ ಅಮ್ಮ ಅನ್ನುತ್ತಾರೆ. ಮೂರು ನಾಲ್ಕು ದಿನ ಜೋರು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು ಇದ್ದು, ಆಮೇಲೆ ಕಿವಿಯ ಹಿಂದಿನಿಂದ, ಮುಖದಿಂದ ಶುರುವಾಗಿ ಕೆಳಗೆ ಇಳಿಯುವ ದದ್ದು ದಡಾರ. ನಮ್ಮ ಕಡೆ ಗೊಬ್ಬರ ಅನ್ನುತ್ತಾರೆ.

ಅಮ್ಮ ಬಂದಾಗ ಬೇವಿನ ಸೊಪ್ಪು ಹಾಸಿಗೆಯಲ್ಲಿ ಇಡುವುದರಿಂದ ತೊಂದರೆ ಇಲ್ಲ, ಇಡಿ. ಆದರೆ ಸ್ನಾನ ನಿಲ್ಲಿಸಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಉಜ್ಜದೆ ದಿನಾ ಮೈ ತೊಳೆದರೆ ಗುಳ್ಳೆಗೆ ಕೀವು ಹಿಡಿಯುವುದಿಲ್ಲ. ಊಟದಲ್ಲಿ ಪಥ್ಯ ಬೇಡ, ಮಗು ಏನು ಕೇಳುತ್ತದೋ ಅದು ಕೊಡಿ. ತುರಿಕೆಗೆ ಕ್ಯಾಲಮೈನ್. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ಪ್ರತಿ ಕೆಜಿ ತೂಕಕ್ಕೆ 15 ಮಿಲಿಗ್ರಾಂ, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. 10 ಕೆಜಿ ಮಗುವಿಗೆ 150 ಮಿಲಿಗ್ರಾಂ. ಬಾಟಲಿಗಳು ಬೇರೆ ಬೇರೆ ಇವೆ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಎಂಎಲ್, 250 ಇರುವುದಾದರೆ 3 ಎಂಎಲ್. ಬಾಟಲಿ ಮೇಲಿನ ಸಂಖ್ಯೆ ಓದದೆ ಕೊಡಬೇಡಿ. ಆಸ್ಪಿರಿನ್ ಕೊಡಲೇಬಾರದು, ಐಬುಪ್ರೊಫೆನ್ ಕೂಡ ಬೇಡ. ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗು ಮನೆಯಲ್ಲೇ ಇರಲಿ. ಮೊದಲು ಅಮ್ಮ ಆಗದ ಬಸುರಿ ಹತ್ತಿರ ಬಂದಿದ್ದರೆ ಆಕೆ ತಡಮಾಡದೆ ಡಾಕ್ಟರನ್ನು ಕಾಣಬೇಕು.

ದಡಾರ ಅನಿಸಿದರೆ ಅದೇ ದಿನ ಆಶಾಗೆ ಹೇಳಿ, ಆಸ್ಪತ್ರೆಗೆ ತೋರಿಸಿ. ವಿಟಮಿನ್ ಎ ಕೊಡಬೇಕಾಗುತ್ತದೆ. ದಡಾರದಿಂದ ನ್ಯುಮೋನಿಯಾ ಆಗಬಹುದು, ಕಣ್ಣೂ ಹೋಗಬಹುದು. ಇದಕ್ಕೆ ಲಸಿಕೆ ಉಚಿತ: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಗುಳೆ ಹೋಗುವಾಗ ತಾಯಿ ಕಾರ್ಡ್ ಜೊತೆಗೆ ಒಯ್ಯಿರಿ, ಇದ್ದ ಊರಲ್ಲೇ ಹಾಕುತ್ತಾರೆ.

ಇವನ್ನು ಹಚ್ಚಬೇಡಿ

ಸುಣ್ಣ, ಬೆಳ್ಳುಳ್ಳಿ, ಸೀಮೆಎಣ್ಣೆ, ಬ್ಯಾಟರಿ ಪುಡಿ, ಟೂತ್‌ಪೇಸ್ಟ್, ಬೂದಿ, ಸಗಣಿ. ಬೆಳ್ಳುಳ್ಳಿ ಅರೆದು ಕಟ್ಟಿದರೆ ಕೂಸಿನ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಒಡೆದ ಹುಣ್ಣಿಗೆ ಅರಿಶಿನದ ಪುಡಿಯೂ ಬೇಡ. ಒಳಗೆ ಕೀವು ಇದೆಯೋ ಇಲ್ಲವೋ ಕಾಣದಂತೆ ಮುಚ್ಚಿಬಿಡುತ್ತದೆ.

ಕೂಸಿಗೆ ಬರೆ ಹಾಕಿಸಬೇಡಿ. ಊದುಬತ್ತಿಯಿಂದ, ಬಿಸಿ ಸೂಜಿಯಿಂದ, ಬಳೆ ಚೂರಿನಿಂದ ಸುಟ್ಟ ಗುರುತುಗಳನ್ನು ಹೊತ್ತ ಕೂಸುಗಳನ್ನು ನಾನು ಎತ್ತಿಕೊಂಡಿದ್ದೇನೆ. ಕಾಯಿಲೆ ಅದರಿಂದ ಹೋಗುವುದಿಲ್ಲ. ಸುಟ್ಟ ಗಾಯದಿಂದ ಸೋಂಕು ರಕ್ತಕ್ಕೆ ಸೇರಿ ಕೂಸಿನ ಜೀವಕ್ಕೇ ಅಪಾಯ ಆಗುತ್ತದೆ. ಹಿರಿಯರು ಒತ್ತಾಯ ಮಾಡಿದರೆ ನಮ್ಮ ಮೇಲೆ ಹಾಕಿ, "ಸಿಸ್ಟರ್ ಬ್ಯಾಡ ಅಂದಾರ" ಅಂತ ಹೇಳಿ.

ಮನೆಯಲ್ಲಿ ಕಾಯಬಾರದ ಹೊತ್ತು

ನೇರಳೆ ಬಣ್ಣದ ಚುಕ್ಕೆ ಎದ್ದಿದ್ದರೆ ಗಾಜಿನ ಲೋಟದ ಬದಿಯನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದಾಗ ಚುಕ್ಕೆ ಮಾಯವಾಗದೆ ಹಾಗೇ ಕಂಡು, ಜೊತೆಗೆ ಜ್ವರ ಇದ್ದರೆ ರಾತ್ರಿ ಹನ್ನೆರಡಾದರೂ 108ಕ್ಕೆ ಫೋನ್ ಮಾಡಿ. ಚರ್ಮದ ಕೆಳಗೆ ರಕ್ತ ಸೋರುತ್ತಿದೆ ಅಂತ ಅದರ ಅರ್ಥ. ಮೈಮೇಲೆ ದಡಿಕೆ (ಪಿತ್ತದ ಗಂಧೆ) ಎದ್ದು ತುಟಿ, ನಾಲಿಗೆ ಊದಿ ಉಸಿರು ಕಟ್ಟುತ್ತಿದ್ದರೂ ಹಾಗೆಯೇ. ಎರಡು ತಿಂಗಳ ಒಳಗಿನ ಕೂಸಿಗೆ ಕೀವುಗುಳ್ಳೆ ಎದ್ದರೆ, ಹಾಲು ಬಿಟ್ಟರೆ, ಜ್ವರ ಬಂದರೆ, ಮೈ ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ. ಕಣ್ಣಿನ ಸುತ್ತ ಊದಿ ಕಣ್ಣು ಮುಚ್ಚಿಕೊಂಡರೆ, ಚರ್ಮ ಸುಟ್ಟಂತೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದ್ದರೆ, ಮಗು ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ.

ಬರುವಾಗ ಕೂಸಿನ ಮೈ ತೊಳೆದು, ಏನೂ ಹಚ್ಚದೆ ಕರೆತನ್ನಿ. ಅರಿಶಿನ, ಮುಲಾಮು ಮೆತ್ತಿದ್ದರೆ ಡಾಕ್ಟರಿಗೆ ಹುಣ್ಣು ಕಾಣುವುದಿಲ್ಲ. ಮೊಬೈಲಿನ ಫೋಟೊ ತೋರಿಸಿ. ಮೊದಲು ಹಚ್ಚಿದ ಟ್ಯೂಬುಗಳನ್ನು ಖಾಲಿಯಾಗಿದ್ದರೂ ಬಿಸಾಡದೆ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಹಿಂದೆ ಬರೆದ ಹೆಸರು ಗೊತ್ತಾದರೆ, ಮುಂದೆ ಏನು ಕೊಡಬೇಕು ಅನ್ನುವುದು ಡಾಕ್ಟರಿಗೆ ಅರ್ಧ ಗೊತ್ತಾದ ಹಾಗೆ.